ನನ್ನ ಅಂಕ ಇಳಿಸಲು ನಿಮ್ಮಲ್ಲಿ ಅವಕಾಶವಿಲ್ಲವಂತೆ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಪ್ರಾಜೆಕ್ಟಿಗೆ ಕೊಟ್ಟ ಅಂಕಗಳನ್ನು ಇಳಿಸಿ ಎಂದು ನಾನು ಕೊಟ್ಟ ಅರ್ಜಿಯನ್ನು ತಮ್ಮ ಕಚೇರಿ ತಿರಸ್ಕರಿಸಿದೆ. ನನ್ನಿಂದಾಗಿ ಅನುತ್ತೀರ್ಣಳಾದ ಸಹಪಾಠಿಗೆ ತನ್ನ ಪ್ರಾಜೆಕ್ಟನ್ನು ಇನ್ನೊಮ್ಮೆ ತೋರಿಸಲು ಅವಕಾಶ ಕೊಡಿ ಎಂದು ಅದೇ ಅರ್ಜಿಯಲ್ಲಿ ಕೇಳಿದ್ದೆ. ಅದೂ ತಿರಸ್ಕೃತ. ಕಾರಣ ಒಂದೇ ಸಾಲು: "ಅರ್ಜಿದಾರರು ಬಾಧಿತರಲ್ಲ." ಮಲ್ಟಿಮೀಡಿಯಾ ಕಂಪ್ಯೂಟಿಂಗ್ ಕೊನೆಯ ವರ್ಷದಲ್ಲಿ ಮೊದಲ ಸ್ಥಾನ ಪಡೆದ ನಾನು ಬಾಧಿತಳಲ್ಲವೆಂದು ತಾವು ಹೇಗೆ ಕಂಡುಕೊಂಡಿರೋ ಗೊತ್ತಿಲ್ಲ. ಊಟ ಸೇರುತ್ತಿಲ್ಲ, ಯಾರಾದರೂ ಅಭಿನಂದನೆ ಹೇಳಲು ಬಂದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಇದನ್ನು ಬಾಧೆ ಎನ್ನದೆ ಏನೆನ್ನಬೇಕು ಎಂಬುದನ್ನಾದರೂ ತಮ್ಮ ಕಚೇರಿ ತಿಳಿಸಬಹುದಿತ್ತು.

ತಮ್ಮ ಕೌಂಟರಿನಲ್ಲಿದ್ದ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅಂಕ ಹೆಚ್ಚಿಸಿ ಎಂದು ಅತ್ತವರನ್ನು, ಬೈದವರನ್ನು, ಅವರಪ್ಪಂದಿರನ್ನು ಅವರು ನೋಡಿದ್ದಾರಂತೆ. ಇಳಿಸಿ ಎಂದು ಬಂದವಳು ನಾನೇ ಮೊದಲು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡಕ ತೆಗೆದು, "ಮನೇಲಿ ಎಲ್ಲ ಸರಿಯಾಗಿದ್ಯೇನಮ್ಮ?" ಎಂದು ಕೇಳಿದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮರುಮೌಲ್ಯಮಾಪನದ ನಮೂನೆಯಲ್ಲಿ 'ಅಂಕ ಹೆಚ್ಚಳ ಕೋರಿ' ಎಂದು ಮೊದಲೇ ಅಚ್ಚಾಗಿರುವುದರಿಂದ ಅದನ್ನು ಹೊಡೆದು 'ಇಳಿಕೆ' ಎಂದು ಬರೆಯಬಹುದೇ ಎಂಬ ಬಗ್ಗೆ ಒಳಗೆ ಒಂದು ಸಣ್ಣ ಚರ್ಚೆಯೂ ನಡೆಯಿತು. ಬರೆಯಬಾರದು ಎಂದಾಯಿತು. ಒಬ್ಬ ವಿದ್ಯಾರ್ಥಿ ತನಗೆ ಸಿಕ್ಕಿದ್ದು ಹೆಚ್ಚಾಯಿತು ಎಂದು ಹೇಳುವ ದಿನ ಬರಬಹುದೆಂದು ತಮ್ಮ ನಿಯಮಾವಳಿ ಬರೆದವರಿಗೆ ಹೊಳೆಯಲೇ ಇಲ್ಲವಲ್ಲ, ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ.

ಆದ್ದರಿಂದ ತಮ್ಮ ಕಚೇರಿಯಲ್ಲಿ ಹೇಳಲಾಗದ್ದನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನಮ್ಮ ಲ್ಯಾಬ್ ಇರುವುದು ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ. ಪರದೆಗಳ ಬಣ್ಣ ಸರಿಯಾಗಿ ಕಾಣಲಿ ಎಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದಾರೆ. ಏಸಿ ಹಾಕಿಸಿದ ಮೇಲೆ ಸೀಲಿಂಗಿನ ಫ್ಯಾನುಗಳನ್ನು ಬಿಚ್ಚಿದ್ದಾರೆ, ಕೊಕ್ಕೆಗಳು ಮಾತ್ರ ಉಳಿದಿವೆ. ಮೂಲೆಯಲ್ಲಿ ಒಂದು ಭಾರಿ ಕಂಪ್ಯೂಟರ್ ಇದೆ. ಉಳಿದವು ಏದುಸಿರು ಬಿಡುವ ಕೆಲಸವನ್ನೆಲ್ಲ ಅದೊಂದೇ ಮಾಡುತ್ತದೆ, ಹಾಗಾಗಿ ನಾವು ಅದನ್ನು ದೊಡ್ಡಪ್ಪ ಎಂದು ಕರೆಯುತ್ತೇವೆ. ನಾವು ಕಟ್ಟಿದ ಮನೆ, ಮರ, ಮನುಷ್ಯರಿಗೆ ಕಂಪ್ಯೂಟರ್ ಒಂದೊಂದೇ ಚಿತ್ರದಂತೆ ಬೆಳಕು, ನೆರಳು, ಬಣ್ಣ ಲೆಕ್ಕ ಹಾಕಿ ಸಿದ್ಧಪಡಿಸಬೇಕಲ್ಲ, ಅದಕ್ಕೆ ಪುಸ್ತಕದಲ್ಲಿ ರೆಂಡರಿಂಗ್ ಎಂದು ಹೆಸರು. ನಮ್ಮ ಬಾಯಲ್ಲಿ ಅದು 'ಬೇಯಿಸೋದು'. ದೊಡ್ಡಪ್ಪನಲ್ಲಿ ಬೇಯಲು ಹಾಕಿ ಆಚೆ ಹೋಗುವವರು ಪರದೆಗೆ ಒಂದು ಚೀಟಿ ಅಂಟಿಸಬೇಕು: 'ಬೇಯ್ತಾ ಇದೆ, ಮುಟ್ಟಬೇಡಿ.' ಚೀಟಿ ಇದ್ದರೆ ಯಾರೂ ಮುಟ್ಟುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತಾರೆ. ಚೀಟಿ ಇಲ್ಲದಿದ್ದರೆ ಯಂತ್ರ ಖಾಲಿ ಇದೆ ಎಂದರ್ಥ. ಇದನ್ನು ಯಾವ ಪ್ರಾಧ್ಯಾಪಕರೂ ಕಲಿಸಿದ್ದಲ್ಲ, ನಮಗಿಂತ ಹಿಂದಿನವರು ಮಾಡಿಕೊಂಡು ಬಂದ ಪದ್ಧತಿ. ನಾಲ್ಕು ವರ್ಷದಲ್ಲಿ ಪ್ರೇಮಗಳು ಮುರಿದಿವೆ, ಸ್ನೇಹಗಳು ಹಳಸಿವೆ, ಆದರೆ ಚೀಟಿಯ ವಿಷಯದಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ.

ಹಿಂದಿನವರು ಕಲಿಸಿದ ಇನ್ನೊಂದು ವಿದ್ಯೆಯನ್ನೂ ತಮಗೆ ತಿಳಿಸಲೇಬೇಕು. ಪ್ರಾಜೆಕ್ಟ್ ಪರೀಕ್ಷೆಯ ದಿನ ನಾವು ಬರೆದ ಕಂಪ್ಯೂಟರ್ ಕಾರ್ಯಕ್ರಮವನ್ನು ಪರೀಕ್ಷಕರ ಎದುರೇ ದೊಡ್ಡಪ್ಪನಲ್ಲಿ ಓಡಿಸಿ ತೋರಿಸಬೇಕೆಂಬುದು ನಿಯಮ. ಆದರೆ ಓಡುವ ಕಾರ್ಯಕ್ರಮಕ್ಕೆ ನಂಬಿಕೆಯಿಲ್ಲ, ನೆಂಟರ ಮುಂದೆ ಹಟ ಹಿಡಿಯುವ ಮಗುವಿನ ಹಾಗೆ ಪರೀಕ್ಷಕರ ಮುಂದೆಯೇ ನಿಂತುಹೋಗುತ್ತದೆ. ಅದಕ್ಕೆ ಬಹಳ ಜನ ಮೊದಲೇ ಬೇಯಿಸಿಟ್ಟ ವಿಡಿಯೊ ಹಾಕಿ, ಅದರ ತಾಳಕ್ಕೆ ಸುಮ್ಮನೆ ಮೌಸ್ ಆಡಿಸುತ್ತಾರೆ. ಇದಕ್ಕೆ 'ತಂಗಳು ಬಡಿಸೋದು' ಎನ್ನುತ್ತೇವೆ. ಪರೀಕ್ಷಕರು ಬಿಸಿಯೂಟವೆಂದೇ ಉಂಡು ಏಳುತ್ತಾರೆ. ಯಾರೊಬ್ಬರೂ "ಸ್ವಲ್ಪ ಆ ಕಡೆ ತಿರುಗಿಸಮ್ಮ, ನೋಡೋಣ" ಎಂದು ಕೇಳುವುದಿಲ್ಲ. ಕೇಳಿದ್ದರೆ ನಮ್ಮಲ್ಲಿ ಅರ್ಧ ಜನಕ್ಕೆ ಪದವಿ ಸಿಗುತ್ತಿರಲಿಲ್ಲ. ಇದಕ್ಕೆ ನಾವು ಕಳ್ಳರೋ, ಕೇಳದೆ ಎದ್ದು ಹೋದವರು ಸೋಮಾರಿಗಳೋ? ಎರಡೂ ಹೌದು ಎಂದು ನನ್ನ ಅಭಿಪ್ರಾಯ. ಆದರೆ ಸೋಮಾರಿತನಕ್ಕೆ ತಮ್ಮಲ್ಲಿ ಗೌರವಧನವಿದೆ.

ನಾನೂ ತಂಗಳನ್ನೇ ಬಡಿಸಿದೆ. ನನ್ನ ಪ್ರಾಜೆಕ್ಟ್ ಒಂದು ಬೀದಿ. ನೋಡುವವರು ಕೈಯಾಡಿಸಿದಂತೆ ಬೆಳಗು ಮಧ್ಯಾಹ್ನವಾಗಿ, ಮಧ್ಯಾಹ್ನ ಸಂಜೆಯಾಗಿ, ಅಂಗಡಿಗಳ ನೆರಳು ಆ ಕ್ಷಣವೇ ಸರಿಯಬೇಕು. ನಿಜ ಹೇಳಬೇಕೆಂದರೆ ಸರಿಯುತ್ತಿತ್ತು, ಆದರೆ ಕುಂಟುತ್ತಾ. ಹಾಗಾಗಿ ನುಣ್ಣಗೆ ಬೇಯಿಸಿದ ವಿಡಿಯೊ ಹಾಕಿ ಗಾಳಿಯಲ್ಲಿ ಕೈಯಾಡಿಸಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಚಪ್ಪಾಳೆ ತಟ್ಟಿದರು. ವಿಭಾಗದ ಮುಖ್ಯಸ್ಥರು, ಮಧ್ಯಾಹ್ನ ಸಭಾಂಗಣದ ದೊಡ್ಡ ಪರದೆಯ ಮೇಲೆ ಅತಿಥಿಗಳಿಗೆಲ್ಲ ಇದನ್ನೇ ತೋರಿಸೋಣ ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಎಲ್ಲರಂಥ ಒಬ್ಬ ಸುಳ್ಳಿಯಾಗಿ ಉಳಿಯುತ್ತಿದ್ದೆ. ಆದರೆ ನನ್ನ ವಿಡಿಯೊದಲ್ಲಿ ಒಂದು ತಪ್ಪಿತ್ತು. ಒಂದು ಛತ್ರಿಯ ನೆರಳು ಸೂರ್ಯನಿರುವ ಕಡೆಗೇ ಬಿದ್ದಿತ್ತು. ಪರೀಕ್ಷಕರಿಗೆ ಕಂಡಿರಲಿಲ್ಲ, ನನಗೆ ಕಂಡಿತ್ತು. ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದಲ್ಲ ಎಂಬ ಸಂಕಟಕ್ಕೆ ಅಷ್ಟು ಭಾಗವನ್ನು ತಿದ್ದಿ ದೊಡ್ಡಪ್ಪನಲ್ಲಿ ಮತ್ತೆ ಬೇಯಲು ಹಾಕಿದೆ. ಚೀಟಿ ಅಂಟಿಸಲಿಲ್ಲ. ಮರೆತು ಅಲ್ಲ, ಮಾನ್ಯರೇ. ಚೀಟಿ ಕಂಡರೆ ಪರೀಕ್ಷಕರು, ಆ ಕ್ಷಣವೇ ಓಡುತ್ತದೆ ಎಂದೆಯಲ್ಲಮ್ಮ, ಮತ್ತೆ ಇದೇನು ಬೇಯುತ್ತಿರುವುದು ಎಂದು ಕೇಳಿಯಾರೆಂಬ ಭಯಕ್ಕೆ ಅಂಟಿಸಲಿಲ್ಲ. ಪರದೆಯ ಮೇಲಿದ್ದ ಅದರ ವಿಂಡೋವನ್ನು ಮಡಚಿ ಕೆಳಗೆ ಬಚ್ಚಿಟ್ಟು, ಮುಂದಿನವರ ಸರದಿ ಬರುವುದರೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಚಹಾ ಕುಡಿಯಲು ಹೋದೆ.

ಮುಂದಿನವಳು ಅಕ್ಕ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಮೊದಲ ದಿನದಿಂದ ಎಲ್ಲರಿಗೂ ಅವಳು ಅಕ್ಕ. ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೊವೊಂದರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಅದನ್ನು ಬಿಟ್ಟು ಓದಲು ಬಂದವಳು. ಅವಳಮ್ಮ ಹೊಲಿಗೆ ಕೆಲಸದವರು, ಕಿವಿ ಪೂರ್ತಿ ಹೋಗಿದೆ. ಒಂದು ದಿನ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಉರಿ ಆರಿ, ಗ್ಯಾಸ್ ಸೋರುತ್ತಿದ್ದರೂ ಪಕ್ಕದ ಕೋಣೆಯಲ್ಲಿ ಆಕೆಗೆ ಗೊತ್ತಾಗದೆ ಹೊಲಿಯುತ್ತಲೇ ಕೂತಿದ್ದರಂತೆ. ಅಕ್ಕ ಮಾಡಿದ ಕಾರ್ಯಕ್ರಮ ಮನೆಯ ಸದ್ದುಗಳನ್ನು ಕೇಳಿಸಿಕೊಂಡು, ಅದೇನೆಂದು ಗುರುತಿಸಿ, ಆ ಕೂಡಲೇ ಪರದೆಯ ಮೇಲೆ ಚಿತ್ರ ತೋರಿಸುತ್ತದೆ. ಬಾಗಿಲು ತಟ್ಟಿದರೆ ಬಾಗಿಲು. ಪಾತ್ರೆ ಬಿದ್ದರೆ ಪಾತ್ರೆ. ಹಾಲು ಉಕ್ಕುವ ಸದ್ದನ್ನು ಹಿಡಿಯಲು ಅವಳು ಎಷ್ಟು ಹಾಲು ಚೆಲ್ಲಿದಳೋ ದೇವರಿಗೇ ಗೊತ್ತು, ಕೊನೆಗೆ ಅವಳಮ್ಮ ಗದರಿಸಿ ನಿಲ್ಲಿಸಿದರಂತೆ. ನಾವೆಲ್ಲ ಅವಳಿಗೂ ತಂಗಳು ಬಡಿಸಲು ಹೇಳಿದ್ದೆವು. ಅವಳು ಒಪ್ಪಲಿಲ್ಲ. ಇದು ಕೇಳಿಸಿಕೊಳ್ಳುತ್ತದೆ ಎಂದು ತಾನೇ ತೋರಿಸಬೇಕಾದ್ದು, ಮೊದಲೇ ಕೇಳಿಸಿಕೊಂಡಿದ್ದನ್ನು ತೋರಿಸಿದರೆ ಏನು ಬಂತು ಎಂದಳು. ನಮಗೆ ಆಗ ಅದು ಹಳೇ ಕಾಲದ ಮಾತಾಗಿ ಕೇಳಿಸಿತು.

ನಾನು ಚಹಾ ಮುಗಿಸಿ ಬಂದಾಗ ಅಕ್ಕನದು ಶುರುವಾಗಿತ್ತು. ಪರದೆಯ ಮೇಲೆ ಚೀಟಿ ಇರಲಿಲ್ಲವಾದ್ದರಿಂದ ಅವಳು ಬೇರೇನನ್ನೂ ನೋಡದೆ ಕೂತಿದ್ದಳು. ಮೇಜು ತಟ್ಟಿದಳು. ಪರದೆ ಖಾಲಿ. ಸ್ವಲ್ಪ ಕಾದು, ಸ್ಟೀಲ್ ಲೋಟ ಬೀಳಿಸಿದಳು. ಆಗ ಬಾಗಿಲಿನ ಚಿತ್ರ ಬಂತು. ಗಾಬರಿಯಾಗಿ ಗಡಿಯಾರದ ಅಲಾರಂ ಹೊಡೆಸಿದಳು, ಲೋಟ ಬಂತು. ಫೋನ್ ರಿಂಗಾಯಿಸಿದಳು, ಗಡಿಯಾರ ಬಂತು. ಗುರುತಿಸುವುದೆಲ್ಲ ಸರಿಯಾಗಿಯೇ ಇತ್ತು, ಒಂದೊಂದು ಹೆಜ್ಜೆ ತಡವಾಗಿ ಬರುತ್ತಿತ್ತು, ಅಷ್ಟೆ. ದೊಡ್ಡಪ್ಪನ ಶಕ್ತಿಯನ್ನೆಲ್ಲ ನನ್ನ ಛತ್ರಿಯ ನೆರಳು ನುಂಗುತ್ತಿದ್ದುದರಿಂದ ಅವಳ ಸದ್ದುಗಳು ಸರದಿಯಲ್ಲಿ ನಿಂತಿದ್ದವು. ಆದರೆ ನೋಡುವವರ ಕಣ್ಣಿಗೆ ಲೋಟ ಬಿದ್ದರೆ ಬಾಗಿಲು ಎನ್ನುವ ಹುಚ್ಚು ಕಾರ್ಯಕ್ರಮ. ಹೊರಗಿನ ಪರೀಕ್ಷಕರು, "ಇದು ಹೇಳೋ ಹೊತ್ತಿಗೆ ಹಾಲು ಉಕ್ಕಿ ಒಲೆ ಆರಿ ತಣ್ಣಗಾಗಿರುತ್ತಲ್ಲಮ್ಮ" ಎಂದರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಕ್ಕಿದ್ದು ನಿಜ.

ನಗು ಮುಗಿದ ಮೇಲೆ ಎಲ್ಲರೂ ಸುಮ್ಮನಾದರು. ಅಕ್ಕನೂ ಕೈಕಟ್ಟಿ ನಿಂತಳು. ಸರದಿಯಲ್ಲಿದ್ದ ಚಿತ್ರಗಳೆಲ್ಲ ಬಂದು ಹೋದವು. ಆಮೇಲೆ, ಯಾರೂ ಏನೂ ಸದ್ದು ಮಾಡದಿದ್ದಾಗ, ಪರದೆಯ ಮೇಲೆ ಒಂದು ಫ್ಯಾನಿನ ಚಿತ್ರ ಬಂತು. ಬಂದದ್ದು ಹೋಗಲಿಲ್ಲ. "ಈ ರೂಮಲ್ಲಿ ಫ್ಯಾನೇ ಇಲ್ಲವಲ್ಲಮ್ಮ" ಎಂದರು ಪರೀಕ್ಷಕರು, ಈ ಸಲ ಮರುಕದಿಂದ. ಅಕ್ಕ ತಲೆಯೆತ್ತಿ ಸೀಲಿಂಗಿನ ಖಾಲಿ ಕೊಕ್ಕೆಗಳನ್ನು ನೋಡಿದಳು. ಅವಳ ಮುಖ ಸಪ್ಪಗಾಯಿತು. ಆಗ ನನಗೆ ಕೇಳಿಸಿತು. ದೊಡ್ಡಪ್ಪನ ಒಳಗಿನ ಫ್ಯಾನು ಬುಸುಗುಡುತ್ತಿತ್ತು. ಭಾರಿ ಕೆಲಸವಿದ್ದರೆ ಮಾತ್ರ ಅದು ಹಾಗೆ ತಿರುಗುತ್ತದೆ. ಅಷ್ಟು ಜನರಿದ್ದ ಆ ಕೋಣೆಯಲ್ಲಿ ಆ ಸದ್ದನ್ನು ಕೇಳಿಸಿಕೊಂಡದ್ದು ಇಬ್ಬರೇ, ನಾನು ಮತ್ತು ಅಕ್ಕನ ಕಾರ್ಯಕ್ರಮ. ಅದು ಹೇಳಿತು, ನಾನು ಹೇಳಲಿಲ್ಲ.

ಒಂದೇ ಒಂದು ಮಾತು ಸಾಕಿತ್ತು. "ಸಾರ್, ಒಂದ್ನಿಮಿಷ, ನನ್ನದು ಓಡ್ತಾ ಇದೆ, ನಿಲ್ಲಿಸ್ತೀನಿ" ಎಂದಿದ್ದರೆ ಮುಗಿಯುತ್ತಿತ್ತು. ಏನು ಓಡುತ್ತಿದೆ, ಯಾಕೆ ಓಡುತ್ತಿದೆ ಎಂದು ಕೇಳುತ್ತಿದ್ದರು. ನನ್ನ ಬೀದಿ ತಂಗಳೆಂದು ಗೊತ್ತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ನನಗೆ ಗೊತ್ತಿದ್ದರಿಂದ, ಹೆಗಲು ಮುಟ್ಟಿಕೊಳ್ಳದೆ ಬಾಗಿಲ ಬಳಿ ನೆಟ್ಟಗೆ ನಿಂತಿದ್ದೆ. ಅಕ್ಕ ತನ್ನ ಲೋಟ, ಗಡಿಯಾರಗಳನ್ನು ಚೀಲಕ್ಕೆ ತುಂಬಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋಗುವಾಗ, ನಿನ್ನದು ಚೆನ್ನಾಗಿ ಬಂತಂತೆ, ಸಂತೋಷ ಕಣೇ ಎಂದು ಹೇಳಿ ಹೋದಳು. ಸಭಾಂಗಣದಲ್ಲಿ ನನ್ನ ಛತ್ರಿಯ ನೆರಳು ಸರಿಯಾದ ದಿಕ್ಕಿಗೇ ಬಿತ್ತು.

ಫಲಿತಾಂಶ ತಮಗೆ ಗೊತ್ತಿದೆ. ತಾವೇ ಸಹಿ ಹಾಕಿದ್ದು. ಪ್ರಾಜೆಕ್ಟಿನಲ್ಲಿ ಅನುತ್ತೀರ್ಣರಾದವರು ಇಡೀ ವರ್ಷವನ್ನು ಮತ್ತೆ ಓದಬೇಕು. ಅಕ್ಕ ಓದುವುದಿಲ್ಲವೆಂದು ಹೇಳಿ ಸ್ಟುಡಿಯೊಗೆ ವಾಪಸು ಹೋಗಿದ್ದಾಳೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಜ್ವರ ಬಂದ ಎತ್ತಿಗೆ ಪದಕ ಕೊಟ್ಟದ್ದನ್ನು ಮಾತ್ರ ಈಗಲೇ ನೋಡಿದ್ದು.

ಮೊದಲು ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಕೆಟ್ಟವರಲ್ಲ ಅವರು. ನನ್ನ ಮಾತು ಮುಗಿಯುವವರೆಗೂ ಕೇಳಿಸಿಕೊಂಡರು, ಬಾಗಿಲು ಹಾಕಿ ಬಂದರು, ಆಮೇಲೆ ತಂದೆಯ ಹಾಗೆ ಬುದ್ಧಿ ಹೇಳಿದರು. ಕಾಲೇಜಿಗೆ ಮಾನ್ಯತೆ ಕೊಡುವ ಪರಿಶೀಲನಾ ಸಮಿತಿ ಬರುವುದಿದೆ, ಗೋಡೆಯ ಮೇಲೆಲ್ಲ ನಿನ್ನ ಬೀದಿಯ ಚಿತ್ರ ಹಾಕಿಸಿದ್ದೇವೆ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡು ವಿಭಾಗದ ಕಾಲ ಮೇಲೂ ಹಾಕಬೇಡ ಎಂದರು. ಅವಳು ಮುಂದಿನ ವರ್ಷ ಹೇಗೋ ಮಾಡಿಕೊಳ್ಳುತ್ತಾಳೆ ಬಿಡು ಎಂದೂ ಹೇಳಿದರು. ಮೌಲ್ಯಗಳು ಎಂಬ ಪತ್ರಿಕೆಯನ್ನು ಎರಡನೇ ವರ್ಷದಲ್ಲಿ ನಮಗೆ ಕಲಿಸಿದವರು ಅವರೇ. ಅದರಲ್ಲೂ ನನಗೇ ಹೆಚ್ಚು ಅಂಕ.

ಮನೆಯಲ್ಲಿ ನಮ್ಮಮ್ಮ ನನ್ನ ಪ್ರಥಮ ಸ್ಥಾನದ ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ನೀರು ಕುಡಿಯಬೇಕೆಂದರೂ ಅದರ ಮುಖ ನೋಡಬೇಕು. ತಡೆಯಲಾರದೆ ಅಮ್ಮನಿಗೆ ಹೇಳಿದೆ. ಇಲ್ಲದ್ದನ್ನೆಲ್ಲ ಮೈಮೇಲೆ ಎಳೆದುಕೊಳ್ಳಬೇಡ, ನಿನಗೆ ದೃಷ್ಟಿಯಾಗಿದೆ ಎಂದರು. ಅರ್ಧ ಗಂಟೆ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ತೊಳೆದರು. ಆಮೇಲೆ ಬಂದು, ಆ ಹುಡುಗಿ ಈಗ ಏನು ಮಾಡುತ್ತಿದ್ದಾಳೆ ಎಂದು ಕೇಳಿದರು. ಅಲ್ಲಿಯವರೆಗೆ ನಾನು ಮುಖ್ಯಸ್ಥರ ಬಳಿ ಹೋಗಿದ್ದೆ, ತಮ್ಮ ಕಚೇರಿಗೆ ಹೋಗಿದ್ದೆ, ಅಕ್ಕನ ಬಳಿ ಮಾತ್ರ ಹೋಗಿರಲಿಲ್ಲ.

ಹೋದೆ. ಸ್ಟುಡಿಯೊ ಎಂದರೆ ಒಂದು ಸ್ಟೂಲು, ಒಂದು ಬಿಳಿ ಪರದೆ, ಎರಡು ದೀಪ. ಗಿರಾಕಿಯೊಬ್ಬರಿಗೆ, ಗದ್ದ ಸ್ವಲ್ಪ ಇಳಿಸಿ ಸಾರ್ ಎನ್ನುತ್ತಿದ್ದಳು. ನನ್ನನ್ನು ನೋಡಿ ಖುಷಿಪಟ್ಟಳು, ಅದು ಇನ್ನೂ ಕಷ್ಟವಾಯಿತು. ತನ್ನ ಅಮ್ಮನಿಗೆಂದು ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಇಟ್ಟಿದ್ದ ಕಾರ್ಯಕ್ರಮದ ಸಣ್ಣ ಪರದೆಯನ್ನು ತೆಗೆದುಬಿಟ್ಟಿದ್ದಳಂತೆ. ಇಲ್ಲದ ಫ್ಯಾನು ಕೇಳಿಸುವ ಯಂತ್ರವನ್ನು ನಂಬಿ ಅಮ್ಮನನ್ನು ಒಲೆ ಹತ್ತಿರ ಬಿಡುವುದು ಹೇಗೆ ಎಂದಳು. ಗಿರಾಕಿ ಹೋದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಬೇಯಲು ಹಾಕಿದ್ದು, ಚೀಟಿ ಅಂಟಿಸದೇ ಇದ್ದದ್ದು, ಬಾಗಿಲ ಬಳಿ ನಿಂತದ್ದು, ನಕ್ಕದ್ದು. ಅವಳು ದೀಪ ಆರಿಸಿ ಸ್ಟೂಲಿನ ಮೇಲೆ ಕೂತಳು. ಬೈಯಲಿ ಎಂದು ಕಾಯುತ್ತಿದ್ದೆ.

"ಹಾಗಾದ್ರೆ ಫ್ಯಾನು ಸರಿಯಾಗಿತ್ತಾ?" ಎಂದಳು.

ಸರಿಯಾಗಿತ್ತು ಅಕ್ಕ, ಎಲ್ಲ ಸರಿಯಾಗಿತ್ತು ಎಂದೆ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನ್ನ ಮೇಲಿನ ಸಿಟ್ಟಿಗಲ್ಲ, ತಾನು ಮಾಡಿದ್ದು ತಪ್ಪಾಗಿರಲಿಲ್ಲ ಎಂಬುದಕ್ಕೆ. ಮಾನ್ಯರೇ, ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಇದು: ನಾನು ಅವಳಿಂದ ಕಿತ್ತುಕೊಂಡದ್ದು ಬರೀ ಒಂದು ವರ್ಷವನ್ನಲ್ಲ. ತನ್ನ ಕೈಕೆಲಸದ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ, ಅದಿಲ್ಲದೆ ಅವಳು ಇಷ್ಟು ದಿನ ಬದುಕಿದ್ದಳು. ತಮ್ಮ ಕಚೇರಿಗೆ ಬಾಧಿತರೇ ಬರಬೇಕಂತೆ. ತನ್ನದೇ ತಪ್ಪೆಂದು ನಂಬಿ ಮನೆಯಲ್ಲಿ ಕೂತವರು ತಮ್ಮ ಕೌಂಟರಿಗೆ ಹೇಗೆ ಬರುತ್ತಾರೆ? ಯಾರನ್ನು ದೂರುತ್ತಾರೆ?

ಈಗ ನನ್ನ ಬೇಡಿಕೆ. ಪದವಿ ಪಟ್ಟಿ ಅಂತಿಮವಾಗುವ ಮೊದಲು ಅಕ್ಕನನ್ನು ಕರೆಸಿ, ಅದೇ ಕೋಣೆಯಲ್ಲಿ, ಅದೇ ಯಂತ್ರದ ಮುಂದೆ, ಬೇರೇನೂ ಓಡದಿರುವಾಗ ಅವಳ ಕಾರ್ಯಕ್ರಮವನ್ನು ನೋಡಿ. ಪುರಾವೆ ಕೇಳುವುದಾದರೆ ಅದೇ ಪುರಾವೆ, ಒಂದು ಗಂಟೆಯ ಕೆಲಸ. ನನ್ನ ಬೀದಿಯನ್ನೂ ಅಲ್ಲೇ ಓಡಿಸಲು ಹೇಳಿ, ಕುಂಟುವುದನ್ನು ನೋಡಿ, ಕುಂಟಿದಷ್ಟಕ್ಕೆ ಅಂಕ ಕೊಡಿ. ಅದರಲ್ಲಿ ನಾನು ಅನುತ್ತೀರ್ಣಳಾದರೆ ಆ ವರ್ಷವನ್ನು ನಾನೇ ಮತ್ತೆ ಓದುತ್ತೇನೆ. ಪದಕವನ್ನು ಮೊದಲೇ ತಮ್ಮ ಕೌಂಟರಿನಲ್ಲಿ ಬಿಟ್ಟು ಬಂದಿದ್ದೇನೆ. ಗುಮಾಸ್ತರು ತೆಗೆದುಕೊಳ್ಳಲು ಒಪ್ಪಲಿಲ್ಲ, ಆದ್ದರಿಂದ ಅವರು ಊಟಕ್ಕೆ ಎದ್ದಾಗ ಇಟ್ಟು ಬಂದೆ, ಅವರ ತಪ್ಪಿಲ್ಲ. ಮತ್ತು ಇನ್ನು ಮುಂದೆ ಪರೀಕ್ಷೆಗೆ ಬರುವವರಿಗೆ ದಯವಿಟ್ಟು ಹೇಳಿ ಕಳಿಸಿ, ಒಂದು ಪ್ರಶ್ನೆಯನ್ನಾದರೂ ಕೇಳಲಿ. ನಾವು ಅಷ್ಟು ಜಾಣರೇನಲ್ಲ, ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೇವೆ.

ಈ ಪತ್ರವನ್ನು ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವಳ ಒಪ್ಪಿಗೆಯಿಲ್ಲದೆ ಅವಳ ಮನೆಯ ಮಾತು ಬರೆಯಲು ಇನ್ನು ನನಗೆ ಧೈರ್ಯವಿಲ್ಲ. ಪೂರ್ತಿ ಕೇಳಿದಳು. ಕರೆದರೆ ಬಂದು ತೋರಿಸುತ್ತೇನೆ ಎಂದಳು. ಒಂದು ಕಡೆ ಅವಳನ್ನು ದೊಡ್ಡ ಮನಸ್ಸಿನವಳು ಎಂದು ಬರೆದಿದ್ದೆ, ಅದನ್ನು ಹೊಡೆದು ಹಾಕಿಸಿದಳು. ಆಮೇಲೆ ಹೇಳಿದಳು: "ಎಲ್ಲ ಬರಿ. ಆದ್ರೆ ನಾನು ಕ್ಷಮಿಸಿದೀನಿ ಅಂತ ಮಾತ್ರ ಎಲ್ಲೂ ಬರೀಬೇಡ. ಕ್ಷಮಿಸಿಲ್ಲ."

ಬರೆದಿಲ್ಲ.

ಇಂತಿ,
ಮಲ್ಟಿಮೀಡಿಯಾ ಕಂಪ್ಯೂಟಿಂಗ್ ವಿಭಾಗದಲ್ಲಿ,
ತಾವು ಈ ಪತ್ರ ಓದಿ ಮುಗಿಸುವವರೆಗೆ ಮಾತ್ರ,
ಪ್ರಥಮ ಸ್ಥಾನದಲ್ಲಿರುವವಳು